ಸೆರಾಮಿಕ್ ಕೋಟಿಂಗೋ, ವ್ಯಾಕ್ಸೋ? ಗಂಜ್ ಧೂಳು, ಕಲಬುರಗಿ ಬಿಸಿಲಿಗೆ ಗಾಡಿ ಬಣ್ಣ ಉಳಿಸೋದು ಹೇಗೆ

ಕಲಬುರಗಿ: ನೆಹರು ಗಂಜ್‌ನಲ್ಲಿ ಬೆಳಗ್ಗೆ ಅಂಗಡಿ ಮುಂದೆ ತೊಳೆದು ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಹೆಸರು ಬರೀಬಹುದು. ತೊಗರಿ ಚೀಲ ಇಳಿಸುವಾಗ ಏಳುವ ಹೊಟ್ಟು, ಲಾರಿ-ಟಂಟಂ ಎಬ್ಬಿಸುವ ಮಣ್ಣು, ಅದರ ಮೇಲೆ ಬಿಸಿಲು. ಇಂಥಲ್ಲಿ ಗಾಡಿ ನಿಲ್ಲಿಸುವವರಿಗೆ ಈಗ ಶೋರೂಮ್‌ನಲ್ಲೂ ವಾಷಿಂಗ್ ಸೆಂಟರ್‌ನಲ್ಲೂ ಒಂದೇ ಮಾತು ಕೇಳಿಬರುತ್ತಿದೆ: ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡ್ರಿ, ಐದು ವರ್ಷ ಚಿಂತಿ ಇಲ್ಲ.

ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆನೂ ಅಲ್ಲ. ಹತ್ತಾರು ಸಾವಿರ ರೊಕ್ಕದ ಪ್ರಶ್ನೆ ಇದು. ಅದಕ್ಕಿಂತ ಮುಖ್ಯವಾಗಿ, ತಪ್ಪು ಕೈಗೆ ಗಾಡಿ ಕೊಟ್ಟರೆ ಕಂಪನಿ ಬಣ್ಣವೇ ಸವೆದುಹೋಗುತ್ತದೆ, ಅದು ಮತ್ತೆ ಬರಲ್ಲ. ಹಾಗಾಗಿ ಕೈ ಹಾಕುವ ಮುಂಚೆ ಎರಡರ ಕೆಲಸವನ್ನೂ ತಿಳಕೊಳ್ಳುವುದು ಒಳ್ಳೇದು.

ಕೂದಲಿಗಿಂತ ತೆಳು ಪದರ

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂಥ ಪಾರದರ್ಶಕ ಕ್ಲಿಯರ್ ಕೋಟ್. ಹೊಳಪು ಕಾಣುವುದು ಈ ಕ್ಲಿಯರ್ ಕೋಟ್‌ನಿಂದಲೇ. ಬಿಸಿಲು ತಡೆದು ಒಳಗಿನ ಬಣ್ಣ ಮಾಸದಂತೆ ಕಾಯುವುದೂ ಅದೇ.

ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಲಕ್ಷಗಟ್ಟಲೆ ಕೊಟ್ಟ ಗಾಡಿಯ ಚೆಂದ ನಿಂತಿರುವುದು ಒಂದು ಕೂದಲಿಗಿಂತ ತೆಳುವಾದ ಪದರದ ಮೇಲೆ. ವ್ಯಾಕ್ಸ್ ಇರಲಿ, ಸೆರಾಮಿಕ್ ಇರಲಿ, ಕೆಲಸ ಒಂದೇ: ಹೊಡೆತ ಮೊದಲು ತನ್ನ ಮೇಲೆ ತಗೊಂಡು ಈ ಪದರ ಉಳಿಸೋದು.

ನಮ್ಮ ಕಡೆ ಮೂರು ಹೊಡೆತ

ಮೊದಲನೇದು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ 42-43 ಡಿಗ್ರಿ ನಮಗೆ ಹೊಸದಲ್ಲ. ಬ್ಯಾಸಗಿಯಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಾಯಿಸುತ್ತಾರೆ. ಅಂಥ ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ತಗಡು 70 ಡಿಗ್ರಿ ದಾಟಬಹುದು. ಆಗ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ. ಅದರ ಮೇಲೆ ಹಕ್ಕಿ ಹಿಕ್ಕೆ ಬಿದ್ದು ಒಣಗಿದರೆ ಕಲೆ ಒಳಗೇ ಇಳಿದುಬಿಡುತ್ತದೆ.

ಎರಡನೇದು ಧೂಳು. ಕೂತ ಧೂಳು ಬಣ್ಣಕ್ಕೆ ಅಂಥ ದೊಡ್ಡ ಹಾನಿ ಮಾಡಲ್ಲ. ಒಣ ಅರಿವೆ ತಗೊಂಡು ಒರೆಸುತ್ತಾರಲ್ಲ, ಹಾನಿ ಆಗೋದು ಅವಾಗ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಅರಿವೆಯ ಕೆಳಗೆ ಸಿಕ್ಕು ಉಜ್ಜುಕಾಗದದಂತೆ ಗೀರುತ್ತವೆ. ಬಿಸಿಲಿಗೆ ಓರೆಯಾಗಿ ನೋಡಿದರೆ ಜೇಡರ ಬಲೆಯಂತೆ ಸುತ್ತು ಸುತ್ತು ಗೆರೆ ಕಾಣುತ್ತವಲ್ಲ, ಅವು ಹೀಗೆ ಬಿದ್ದವು. ಬಿಳಿ ಗಾಡಿಯಲ್ಲಿ ಅಷ್ಟಾಗಿ ಕಾಣಲ್ಲ, ಕಪ್ಪು-ನೀಲಿ ಗಾಡಿಯಲ್ಲಿ ಎದ್ದು ಕಾಣುತ್ತವೆ. ಧೂಳು ಕೂತ ಗಾಡಿ ಮೇಲೆ ಕವರ್ ಎಳೆದರೂ ಇದೇ ಕಥೆ.

ಮೂರನೇದು ಬೋರ್ ನೀರು. ನಲ್ಲಿಗೆ, ಗೀಸರ್‌ಗೆ ಬಿಳಿ ಪದರ ಕಟ್ಟಿಸುವ ಗಡಸು ನೀರೇ ಗಾಡಿ ಮೇಲೆ ಒಣಗಿದರೆ ಬಿಳಿ ಚುಕ್ಕಿ ಬಿಡುತ್ತದೆ. ನೀರು ಆರಿಹೋಗುತ್ತದೆ, ಅದರೊಳಗಿನ ಸುಣ್ಣದ ಅಂಶ ಕೂತುಬಿಡುತ್ತದೆ. ಕೆಲವರು ಆರ್‌ಒ ಮಷಿನ್‌ನಿಂದ ಹೊರಬರುವ ನೀರು ದಂಡ ಆಗಬಾರದು ಅಂತ ಅದರಲ್ಲೇ ಕಾರು ತೊಳೆಯುತ್ತಾರೆ. ಆ ನೀರಿನಲ್ಲಿ ಲವಣ ಇನ್ನೂ ಜಾಸ್ತಿ. ಅದನ್ನು ಅಂಗಳ ತೊಳೆಯಲು ಇಟ್ಟುಕೊಳ್ಳೋದು ಮೇಲು.

ವ್ಯಾಕ್ಸ್ ಮಾಡೋದೇನು?

ಒಳ್ಳೆ ಕಾರ್ ವ್ಯಾಕ್ಸ್‌ನಲ್ಲಿ ಬಳಸುವ ಕಾರ್ನೌಬಾ ಮೇಣ ಬ್ರೆಜಿಲ್ ದೇಶದ ಒಂದು ಜಾತಿ ತಾಳೆಮರದ ಎಲೆಯಿಂದ ಬರುತ್ತದೆ. ಆ ಮರ ಬೆಳೆಯುವುದೂ ನಮ್ಮ ಹಾಗೆ ಬಿಸಿಲಿನ ಸೀಮೆಯಲ್ಲೇ. ಎಲೆ ಒಣಗದಂತೆ ಮರವೇ ಮಾಡಿಕೊಂಡ ಮೇಣದ ಹೊದಿಕೆ ಅದು.

ಗಾಡಿ ಮೇಲೆ ಹಚ್ಚಿದಾಗ ಈ ಮೇಣ ಕ್ಲಿಯರ್ ಕೋಟ್ ಮೇಲೆ ತೆಳ್ಳಗೆ ಕೂರುತ್ತದೆ. ನೀರು ಗುಂಡಗೆ ಮುತ್ತಾಗಿ ಜಾರುತ್ತದೆ, ಹೊಲಸು ಗಟ್ಟಿಯಾಗಿ ಅಂಟಲ್ಲ. ಆದರೆ ಅದು ಬಣ್ಣದ ಜೊತೆ ಬೆಸೆಯಲ್ಲ, ಬರೀ ಮೇಲೆ ಕೂತಿರುತ್ತದೆ. ಕಾರ್ನೌಬಾ ಕರಗುವುದು 82ರಿಂದ 86 ಡಿಗ್ರಿಗೆ. ಡಬ್ಬಿಯಲ್ಲಿ ಅದರ ಜೊತೆ ಬೆರೆಸಿದ ಮೆತ್ತನೆ ಮೇಣಗಳು ಅದಕ್ಕೂ ಮೊದಲೇ ಸಡಿಲಾಗುತ್ತವೆ. ಹಾಗಾಗಿ ಒಮ್ಮೆ ಹಚ್ಚಿದ ವ್ಯಾಕ್ಸ್ ಒಂದೆರಡು ತಿಂಗಳು ಬಾಳುತ್ತದೆ, ನಮ್ಮ ಬ್ಯಾಸಗಿಯಲ್ಲಿ ಅದಕ್ಕಿಂತ ಕಡಿಮೆ ಅಂತ ಹಿಡಿಯಬೇಕು. ರಾಸಾಯನಿಕದಿಂದ ತಯಾರಿಸಿದ ಪೇಂಟ್ ಸೀಲಂಟ್ ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಬಿಸಿಲಿನ ಊರಿಗೆ ಮೇಣಕ್ಕಿಂತ ಇದು ವಾಸಿ.

ಶೋರೂಮ್‌ನಲ್ಲಿ ಹೇಳುವ ಟೆಫ್ಲಾನ್ ಕೋಟಿಂಗ್ ಕೂಡ ಇದೇ ಸಾಲಿನದು. ದೋಸೆ ತವೆಯ ಮೇಲೆ ಟೆಫ್ಲಾನ್ ಗಟ್ಟಿಯಾಗಿ ಕೂರಬೇಕಾದರೆ 300 ಡಿಗ್ರಿಗೂ ಮೇಲೆ ಕಾಯಿಸಬೇಕು. ಕಾರನ್ನು ಹಾಗೆ ಕಾಯಿಸೋಕೆ ಆಗಲ್ಲ. ಆದ್ದರಿಂದ ಹೆಸರಿಗಿಂತ ಎಷ್ಟು ತಿಂಗಳು ಬಾಳುತ್ತದೆ ಅನ್ನೋದನ್ನು ಕೇಳಿ.

ಸೆರಾಮಿಕ್‌ನಲ್ಲಿ ಏನು ಬೇರೆ?

ಸೆರಾಮಿಕ್ ಕೋಟಿಂಗ್ ಸಣ್ಣ ಬಾಟಲಿಯಲ್ಲಿ ಬರುವ ದ್ರವ. ಸಿಲಿಕಾ ಮೂಲದ್ದು. ಹಚ್ಚಿದ ಮೇಲೆ ಅದು ಕ್ಲಿಯರ್ ಕೋಟ್ ಜೊತೆ ಬೆಸೆದು ಗಾಜಿನಂಥ ಗಟ್ಟಿ ಪದರ ಆಗುತ್ತದೆ. ತೊಳೆದರೆ, ಬಿಸಿಲಿಗೆ ನಿಂತರೆ ಮೇಣದಂತೆ ಹೋಗಲ್ಲ. ಚೆನ್ನಾಗಿ ಹಚ್ಚಿ, ಚೆನ್ನಾಗಿ ನೋಡಿಕೊಂಡರೆ ಎರಡು-ಮೂರು ವರ್ಷ ಬಾಳುತ್ತದೆ. ಧೂಳು ಬೇಗ ಬಿಡುತ್ತದೆ, ತೊಳೆಯುವ ಕೆಲಸ ಅರ್ಧಕ್ಕರ್ಧ ಹಗುರ ಆಗುತ್ತದೆ.

ಆದರೆ ಈ ಪದರ ಒಂದೆರಡು ಮೈಕ್ರಾನ್ ಮಾತ್ರ. "9 ಎಚ್ ಗಡಸು" ಅಂತ ಬಾಟಲಿ ಮೇಲೆ ಬರೆದಿರುತ್ತದಲ್ಲ, ಅದು ಪೆನ್ಸಿಲ್ ಪರೀಕ್ಷೆಯ ಅಳತೆ. ಗಟ್ಟಿ ಪೆನ್ಸಿಲ್‌ನಿಂದ ಗೀಚಿದರೆ ಗೀರು ಬೀಳಲ್ಲ ಅಂತ ಅರ್ಥ. ಕಲ್ಲು, ಕೀಲಿಕೈ, ಹಮಾಲರ ಕೈಗಾಡಿಯ ಮೂಲೆ ತಾಗಿದರೂ ಗೀರಲ್ಲ ಅಂತ ಅರ್ಥ ಅಲ್ಲ.

ಗಡಸು ನೀರಿನ ಚುಕ್ಕಿ ಸೆರಾಮಿಕ್ ಮೇಲೂ ಬೀಳುತ್ತದೆ. ನೀರು ಹನಿ ಹನಿಯಾಗಿ ನಿಲ್ಲುವುದರಿಂದ ಬಿಸಿಲಿಗೆ ಬಿಟ್ಟರೆ ಒಂದೊಂದು ಹನಿಯೂ ಒಂದೊಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ತೊಳೆಯೋದೇ ಬೇಡ ಅನ್ನೋ ಮಾತು ಪೂರ್ತಿ ತಪ್ಪು.

ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ದಿನಾ ಗಂಜ್‌ಗೆ ಬಂದುಹೋಗುವವರ ಮುಖ್ಯ ತೊಂದರೆ ಬೇರೆ. ಮುಂದಿನ ಲಾರಿ ಗಾಲಿಯಿಂದ ಸಿಡಿಯುವ ಕಲ್ಲು. ಅದನ್ನು ವ್ಯಾಕ್ಸೂ ತಡೆಯಲ್ಲ, ಸೆರಾಮಿಕ್ಕೂ ತಡೆಯಲ್ಲ. ಅದಕ್ಕೆ ಪಿಪಿಎಫ್ ಅನ್ನುವ ದಪ್ಪ ಪಾರದರ್ಶಕ ಫಿಲ್ಮ್ ಬೇಕು. ಇಡೀ ಗಾಡಿಗೆ ಹಾಕಿಸಿದರೆ ಬಾಳ ದುಬಾರಿ. ಬಂಪರ್, ಬಾನೆಟ್ ಮುಂಭಾಗಕ್ಕೆ ಮಾತ್ರ ಹಾಕಿಸಿದರೂ ಕಲ್ಲಿನ ಹೊಡೆತ ಬಹುಮಟ್ಟಿಗೆ ತಪ್ಪುತ್ತದೆ.

ನಿಜವಾದ ಅಪಾಯ ಪಾಲಿಶ್ ಮಷಿನ್

ಸೆರಾಮಿಕ್ ಹಚ್ಚುವ ಮುಂಚೆ ಹಳೇ ಗೀರು ತೆಗೆಯಲು ಪಾಲಿಶ್ ಹೊಡೆಯುತ್ತಾರೆ. ಇದು ಬೇಕು, ಇಲ್ಲದಿದ್ದರೆ ಗೀರುಗಳೆಲ್ಲ ಕೋಟಿಂಗ್ ಕೆಳಗೆ ಹಾಗೇ ಸೀಲ್ ಆಗುತ್ತವೆ. ಆದರೆ ಗೀರು ತೆಗೆಯೋದು ಅಂದರೆ ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟ್ ಸವೆಸೋದು. ಅನುಭವಿ ಕೈ ಒಂದೆರಡು ಮೈಕ್ರಾನ್ ತೆಗೆಯುತ್ತದೆ. ಕಲಿಯದ ಕೈ, ಒರಟು ಪ್ಯಾಡ್ ಇದ್ದರೆ ಅದಕ್ಕಿಂತ ಬಾಳ ಹೆಚ್ಚು, ಮೂಲೆ-ಅಂಚುಗಳಲ್ಲಂತೂ ಬಣ್ಣವೇ ಕಾಣಬಹುದು.

ವರ್ಷವರ್ಷ ಹೊಳಪು ಬರಲಿ ಅಂತ ರಬ್ಬಿಂಗ್ ಪಾಲಿಶ್ ಮಾಡಿಸುವವರು ಇದನ್ನು ನೆನಪಿಡಬೇಕು. ಆ ದಿನ ಗಾಡಿ ಕನ್ನಡಿಯಂತೆ ಹೊಳೆಯುತ್ತದೆ, ನಾಲ್ಕು-ಐದು ವರ್ಷಕ್ಕೆ ಛಾವಣಿ, ಬಾನೆಟ್ ಮೇಲೆ ಬಿಳಿಬಿಳಿಯಾಗಿ ಪದರ ಏಳುತ್ತದೆ. ಅಷ್ಟಾದ ಮೇಲೆ ಉಳಿಯುವ ದಾರಿ ಮತ್ತೆ ಪೇಂಟ್ ಮಾಡಿಸೋದೊಂದೇ. ಮರುಪೇಂಟ್ ಆದ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆಕ್ಸಿಡೆಂಟ್ ಗಾಡಿ ಇರಬೇಕು ಅಂತಲೇ ನೋಡುತ್ತಾರೆ, ರೇಟ್ ಇಳಿಸುತ್ತಾರೆ.

ಗಲ್ಲಾಪೆಟ್ಟಿಗೆ ಲೆಕ್ಕ

ಊರು, ಅಂಗಡಿ, ಗಾಡಿಯ ಗಾತ್ರದ ಮೇಲೆ ದರ ಬದಲಾಗುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ಸಣ್ಣ ಕಾರಿಗೆ ಸೆರಾಮಿಕ್ 18,000 ರೂಪಾಯಿ, ಎರಡು ಸರ್ವಿಸ್‌ಗೆ ತಲಾ 1,500 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂರು ವರ್ಷಕ್ಕೆ 21,000 ರೂಪಾಯಿ, ವರ್ಷಕ್ಕೆ 7,000 ರೂಪಾಯಿ ಬಿತ್ತು.

ವ್ಯಾಕ್ಸ್‌ನ್ನು ಅಂಗಡಿಯಲ್ಲಿ ಸಲಕ್ಕೆ 1,000 ರೂಪಾಯಿ ಕೊಟ್ಟು ಎರಡು ತಿಂಗಳಿಗೊಮ್ಮೆ ಮಾಡಿಸಿದರೆ ವರ್ಷಕ್ಕೆ 6,000 ರೂಪಾಯಿ. ಹೆಚ್ಚುಕಮ್ಮಿ ಅಷ್ಟೇ ಆಯಿತು. ಅದೇ 800 ರೂಪಾಯಿ ಡಬ್ಬಿ ತಂದು ಮನೆಯಲ್ಲೇ ರವಿವಾರ ಹಚ್ಚಿಕೊಂಡರೆ ಒಂದು ಡಬ್ಬಿ ವರ್ಷ ಪೂರ್ತಿ ಬರುತ್ತದೆ. ಅಂದರೆ ಫರಕ್ ಇರುವುದು ವ್ಯಾಕ್ಸ್-ಸೆರಾಮಿಕ್ ನಡುವೆ ಅಷ್ಟಲ್ಲ, ಕೈಕೆಲಸ ಯಾರದು ಅನ್ನೋದರಲ್ಲಿ. ನಿಮ್ಮ ಅಂಗಡಿಯವರು ಹೇಳಿದ ದರ ಇದೇ ಲೆಕ್ಕಕ್ಕೆ ಹಾಕಿ ನೋಡಿ.

ಯಾರಿಗೆ ಯಾವುದು?

ಹೊಸ ಕಾರು, ಐದಾರು ವರ್ಷ ಇಟ್ಟುಕೊಳ್ಳುವ ಮನಸ್ಸು, ತಾವೇ ವ್ಯಾಕ್ಸ್ ಹಚ್ಚಲು ಪುರುಸೊತ್ತಿಲ್ಲ ಅನ್ನುವವರಿಗೆ ಸೆರಾಮಿಕ್ ಸರಿ. ಹೊಸ ಗಾಡಿಗೆ ಪಾಲಿಶ್ ಕೂಡ ಕಡಿಮೆ ಸಾಕು.

ಐದಾರು ವರ್ಷ ಹಳೆಯ ಗಾಡಿ, ಒಂದೆರಡು ವರ್ಷದಲ್ಲಿ ಮಾರುವ ವಿಚಾರ ಇದ್ದರೆ ಸೀಲಂಟ್ ಅಥವಾ ವ್ಯಾಕ್ಸ್ ಸಾಕು. ಸೆರಾಮಿಕ್‌ಗೆ ಹಾಕಿದ ರೊಕ್ಕ ಮಾರುವಾಗ ಪೂರ್ತಿ ವಾಪಸ್ ಬರಲ್ಲ.

ದಿನಾ ಚೀಲ ಹೊರುವ ಟಂಟಂ, ಪಿಕಪ್, ಟೆಂಪೊಗಳಿಗೆ ಸೆರಾಮಿಕ್ ದಂಡ. ಕ್ಯಾಬಿನ್‌ಗೆ ವರ್ಷಕ್ಕೆ ಎರಡು-ಮೂರು ಸಲ ಸೀಲಂಟ್ ಹಚ್ಚಿ, ಗೀರು ಬಿದ್ದು ತಗಡು ಕಂಡ ಕಡೆ ತಡಮಾಡದೆ ಟಚಪ್ ಮಾಡಿಸಿದರೆ ತುಕ್ಕು ಹಿಡಿಯಲ್ಲ.

ಹೊಳಪಿಲ್ಲದ ಮ್ಯಾಟ್ ಬಣ್ಣದ ಬೈಕ್ ಇದ್ದರೆ ಸಾದಾ ವ್ಯಾಕ್ಸ್, ಪಾಲಿಶ್ ಎರಡೂ ಬೇಡ. ಅಲ್ಲಲ್ಲಿ ಹೊಳೆಯುವ ಮಚ್ಚೆ ಆಗಿ ಕೂರುತ್ತವೆ. ಮ್ಯಾಟ್‌ಗಂತಲೇ ಬರುವ ಸಾಮಾನು ಬಳಸಬೇಕು.

ಮಾಡಿಸುವ ಮುಂಚೆ ಕೇಳಿ

ಬಣ್ಣದ ದಪ್ಪ ಅಳೆಯುವ ಮೀಟರ್ ಇದೆಯಾ? ಪಾಲಿಶ್‌ಗೆ ಮುಂಚೆ, ನಂತರ ಅಳತೆ ತೋರಿಸುತ್ತೀರಾ? ಕೆಲಸ ಮುಚ್ಚಿದ ಕೋಣೆಯಲ್ಲೋ, ರಸ್ತೆ ಬದಿ ಶೆಡ್‌ನಲ್ಲೋ? ಬಿಸಿ ತಗಡಿನ ಮೇಲೆ ಹಚ್ಚಿದರೆ ದ್ರವ ಗಳಿಗೆಯಲ್ಲಿ ಒಣಗಿ ಮಚ್ಚೆ ಉಳಿಯುತ್ತವೆ, ಹಸಿ ಇದ್ದಾಗ ಧೂಳು ಕೂತರೆ ಅದೂ ಒಳಗೇ ಸೇರುತ್ತದೆ. ಬಾಟಲಿಯ ಸೀಲ್ ಎದುರಿಗೇ ಒಡೆಯಲು ಹೇಳಿ.

ಕೆಲಸ ಮುಗಿದ ಮೇಲೆ ಕನಿಷ್ಠ ಒಂದು ದಿನ ಗಾಡಿ ಅವರಲ್ಲೇ ಇರಬೇಕು. ಆಮೇಲೆ ಸುಮಾರು ಒಂದು ವಾರ ಶಾಂಪೂ ಹಾಕಿ ತೊಳೆಯುವಂತಿಲ್ಲ. ಬೆಳಗ್ಗೆ ಬಿಟ್ಟು ಸಂಜಿಗೆ ತಗೊಂಡುಹೋಗ್ರಿ ಅನ್ನುವವರ ಬಗ್ಗೆ ಎಚ್ಚರ ಇರಲಿ.

ಐದು ವರ್ಷದ ಗ್ಯಾರಂಟಿ ಅಂದರೆ ಕಾರ್ಡ್ ಓದಿ. ಸಾಮಾನ್ಯವಾಗಿ ನಿಗದಿತ ಅವಧಿಗೆ ಅವರಲ್ಲೇ ರೊಕ್ಕ ಕೊಟ್ಟು ಸರ್ವಿಸ್ ಮಾಡಿಸಬೇಕು ಅನ್ನುವ ಷರತ್ತು ಇರುತ್ತದೆ. ಜಿಎಸ್‌ಟಿ ಬಿಲ್ ಮೇಲೆ ಕೋಟಿಂಗ್‌ನ ಹೆಸರು, ಅವಧಿ ಬರೆಸಿಕೊಳ್ಳಿ. ಹೇಳಿದಂತೆ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಫೀ ಇಲ್ಲ. ಬಿಲ್ ಇಲ್ಲದಿದ್ದರೆ ಮಾತ್ರ ಕೈಯಲ್ಲಿ ಏನೂ ಇಲ್ಲದಂತೆ.

ಖರ್ಚಿಲ್ಲದ ಕೆಲಸ ಮೊದಲು

ಯಾವುದನ್ನೇ ಹಚ್ಚಿಸಿ, ತೊಳೆಯುವ ರೀತಿ ಸರಿ ಇಲ್ಲದಿದ್ದರೆ ಎರಡೂ ನಿಲ್ಲಲ್ಲ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಎರಡು ಬಕೆಟ್ ಇಡಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಅರಿವೆ ಜಾಲಾಡಿಸಲು ಬರೀ ನೀರು. ಪಾತ್ರೆ ತಿಕ್ಕುವ ಸೋಪು, ಬಟ್ಟೆ ಪುಡಿ ಬಳಸಿದರೆ ಹಚ್ಚಿದ ವ್ಯಾಕ್ಸ್ ಕಿತ್ತುಬರುತ್ತದೆ. ಮೇಲಿಂದ ಕೆಳಗೆ ತೊಳೆಯಿರಿ, ಗಾಲಿ ಹತ್ತಿರದ ಕೆಸರು ಕೊನೆಗೆ. ಬೆಳಗ್ಗೆ ಬಿಸಿಲೇರುವ ಮುಂಚೆ ಅಥವಾ ಸಂಜೆ ತೊಳೆದು, ನೀರು ತಾನಾಗಿ ಒಣಗುವ ಮುಂಚೆ ಮೈಕ್ರೋಫೈಬರ್ ಅರಿವೆಯಿಂದ ಒತ್ತಿ ತೆಗೆಯಿರಿ. ಹಕ್ಕಿ ಹಿಕ್ಕೆ ಕಂಡ ಕೂಡಲೇ ಒದ್ದೆ ಅರಿವೆ ಇಟ್ಟು ನೆನೆಸಿ ತೆಗೆಯಿರಿ, ಉಜ್ಜಬೇಡಿ. ನೆರಳು ಸಿಕ್ಕ ಕಡೆ ನಿಲ್ಲಿಸಿ.

ಸೆರಾಮಿಕ್ ಮಾಡಿಸುವುದೇ ಆದರೆ ಮಳೆಗಾಲ ಮುಗಿದು ತೊಗರಿ ಆವಕ ಶುರುವಾಗುವ ಮುಂಚಿನ ವಾರಗಳು ಅನುಕೂಲ. ಬಿಸಿಲು ತಗ್ಗಿರುತ್ತದೆ, ಗಂಜ್‌ನಲ್ಲಿ ಹೊಟ್ಟಿನ ಧೂಳೂ ಕಡಿಮೆ, ಅಂಗಡಿಯವರಿಗೆ ಎರಡು ದಿನ ಗಾಡಿ ಬಿಟ್ಟಿರಲೂ ಆಗುತ್ತದೆ. ಅಲ್ಲಿಯವರೆಗೆ ಡಿಕ್ಕಿಯಲ್ಲಿರುವ ಒಣ ಅರಿವೆ ಮಾತ್ರ ಇವತ್ತೇ ತೆಗೆದಿಡಿ.