ಪಾಟರಿ ಸ್ಟುಡಿಯೋದ ದೂಳು ಮತ್ತು ನಿಮ್ಮ ಶ್ವಾಸಕೋಶ

ಮುಂಬೈ, ಪುಣೆ, ಚೆನ್ನೈ, ದೆಹಲಿ ಹೀಗೆ ಎಲ್ಲ ದೊಡ್ಡ ಊರುಗಳಲ್ಲೂ ಈಗ ಪಾಟರಿ ಸ್ಟುಡಿಯೋಗಳಿವೆ. ಕೆಲವರಿಗೆ ಅದು ಭಾನುವಾರದ ಹವ್ಯಾಸ, ಕೆಲವರಿಗೆ ಹೊಟ್ಟೆಪಾಡು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತ ಹಲವರು ಮುಂದೆ ಬೇರೆ ಬೇರೆ ಊರುಗಳಲ್ಲಿ ಸ್ವಂತ ಸ್ಟುಡಿಯೋ ಮಾಡಿಕೊಂಡರು. ಇಂಥ ಕಲಾವಿದರು ಮಣ್ಣು ಹದ ಮಾಡುವುದು, ತಿಗರಿಯ ಮೇಲೆ ಪಾತ್ರೆ ಎತ್ತುವುದು, ಗ್ಲೇಜ್ ಕಲಸುವುದು, ಸುಡುವುದು, ಕೊನೆಗೆ ನೆಲ ಗುಡಿಸುವುದು, ಎಲ್ಲವನ್ನೂ ಬಹುಮಟ್ಟಿಗೆ ತಾವೇ ಮಾಡುತ್ತಾರೆ. ಅದೂ ಒಂದೆರಡು ಕೋಣೆಗಳಲ್ಲಿ. ಆರೋಗ್ಯದ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಒದ್ದೆ ಮಣ್ಣಿನಿಂದ ಶ್ವಾಸಕೋಶಕ್ಕೆ ಭಯವಿಲ್ಲ. ತೊಂದರೆ ಕೊಡುವುದು ಒಣಗಿದ ಮಣ್ಣು. ಜೇಡಿಮಣ್ಣಿನಲ್ಲಿ ಸಿಲಿಕಾ ಎಂಬ ಖನಿಜ ಇರುತ್ತದೆ. ಗ್ಲೇಜ್ ತಯಾರಿಸಲು ಅದನ್ನೇ ನುಣ್ಣಗೆ ಪುಡಿ ಮಾಡಿ ಚೀಲದಲ್ಲಿ ಮಾರುತ್ತಾರೆ. ಕಣ್ಣಿಗೆ ಕಾಣುವ ದಪ್ಪ ದೂಳು ಮೂಗು, ಗಂಟಲಿನಲ್ಲಿಯೇ ಸಿಕ್ಕಿಬೀಳುತ್ತದೆ. ಕಾಣದಷ್ಟು ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿನ ರಕ್ಷಕ ಕೋಶಗಳು ಅವನ್ನು ನುಂಗಿದರೂ ಅರಗಿಸಿಕೊಳ್ಳಲಾರದೆ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತವಾಗಿ, ನಿಧಾನಕ್ಕೆ ಗಾಯದ ಕಲೆಯಂತೆ ಗಟ್ಟಿ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ದೂಳು ವಿಪರೀತವಾಗಿದ್ದರೆ ಬೇಗನೆ ಬರಬಹುದು. ಗಟ್ಟಿಯಾದ ಭಾಗವನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಕೆಲವರಲ್ಲಿ ರೋಗ ಮುಂದುವರಿಯುತ್ತದೆ.

ಹಾಗೆಂದು ನಾಲ್ಕು ಭಾನುವಾರ ತರಗತಿಗೆ ಹೋದವರು ಎಕ್ಸ್-ರೇ ತೆಗೆಸಲು ಓಡಬೇಕಿಲ್ಲ. ಎಚ್ಚರ ಬೇಕಾದದ್ದು ವರ್ಷಗಟ್ಟಲೆ ದಿನವಿಡೀ ಅಲ್ಲೇ ಇರುವ ಕಲಾವಿದರಿಗೆ, ಕಲಿಸುವವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸ್ಟುಡಿಯೋದ ಸಹಾಯಕರಿಗೆ. ಪುಡಿ ಕಲಸುವವರು, ಸಂಜೆ ಗುಡಿಸುವವರು ಬಹಳ ಸಲ ಅವರೇ. ಪಾತ್ರೆಯ ತಳದಲ್ಲಿ ಅವರ ಹೆಸರಿರುವುದಿಲ್ಲ, ಅಷ್ಟೇ.

ಗುಡಿಸಬೇಡಿ, ಒರೆಸಿ

ಒಣ ಪೊರಕೆಯೇ ಸ್ಟುಡಿಯೋದ ದೊಡ್ಡ ಶತ್ರು. ಗುಡಿಸಿದಾಗ ಎದ್ದ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿಯೇ ತೇಲುತ್ತಿರುತ್ತವೆ. ನೆಲ ಸ್ವಚ್ಛವಾಗಿ ಕಾಣುತ್ತದೆ, ಗಾಳಿ ಆಗಿರುವುದಿಲ್ಲ. ಮೇಜನ್ನು ಒದ್ದೆ ಸ್ಪಂಜಿನಿಂದ, ನೆಲವನ್ನು ಒದ್ದೆ ಮಾಪ್‌ನಿಂದ ಒರೆಸಬೇಕು. ಮನೆಯಲ್ಲಿ ಬಳಸುವ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಸಣ್ಣ ದೂಳನ್ನು ಹಿಂದಿನಿಂದ ಮತ್ತೆ ಕೋಣೆಗೇ ಊದುತ್ತದೆ. ಹೆಪಾ ಫಿಲ್ಟರ್ ಇದ್ದರೆ ಮಾತ್ರ ಉಪಯೋಗ. ಉಳಿದ ಒಣ ಮಣ್ಣಿನ ಹೆಂಟೆಗಳನ್ನು ಸುತ್ತಿಗೆಯಿಂದ ಕುಟ್ಟುವ ಬದಲು ಹಾಗೆಯೇ ಮೆಲ್ಲಗೆ ನೀರಿಗೆ ಬಿಟ್ಟರೆ ತಾನಾಗಿ ಕರಗುತ್ತವೆ. ಒಣಗಿದ ಪಾತ್ರೆಯ ಅಂಚನ್ನು ಮರಳುಕಾಗದದಿಂದ ಉಜ್ಜಬೇಡಿ. ಇನ್ನೂ ಹಸಿಯಿರುವಾಗಲೇ ಒದ್ದೆ ಸ್ಪಂಜಿನಿಂದ ನಯ ಮಾಡಿ.

ಇದೇನೂ ಹೊಸ ಜ್ಞಾನವಲ್ಲ. ಇಂಗ್ಲೆಂಡಿನ ಕುಂಬಾರಿಕೆಯಲ್ಲಿ ಮಣ್ಣು ಬೆಳ್ಳಗಾಗಲಿ ಎಂದು ಚಕಮಕಿ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಅದೂ ಸಿಲಿಕಾವೇ. ಅದನ್ನು ಒಣಗಿದ್ದಾಗ ಪುಡಿ ಮಾಡುವವರು ದೂಳಿನಿಂದ ಸಾಯುತ್ತಿದ್ದ ಕಾರಣ, ಕಲ್ಲನ್ನು ನೀರಿನಲ್ಲಿ ಅರೆಯುವ ವಿಧಾನಕ್ಕೆ ಥಾಮಸ್ ಬೆನ್ಸನ್ ಎಂಬಾತ 1726ರಲ್ಲಿಯೇ ಪೇಟೆಂಟ್ ಪಡೆದ. ಸುಮಾರು 300 ವರ್ಷ ಹಿಂದಿನ ಮಾತು!

ಪುಡಿ ತೂಗುವಾಗ, ಕಲಸುವಾಗ ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಸಾಲದು. ಗಡ್ಡವಿದ್ದರೆ ಎನ್95 ಮುಖಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಏಪ್ರನ್ ಅನ್ನು ಕೊಡವಬೇಡಿ, ಮನೆಗೆ ಹಾಕಿಕೊಂಡೂ ಬರಬೇಡಿ. ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ.

ಡಾಕ್ಟರ್ ಕೇಳದಿದ್ದರೂ ಹೇಳಿ

ವಾರಗಟ್ಟಲೆ ಬಿಡದ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸುಸ್ತು ಇದ್ದು ನೀವು ಅಥವಾ ನಿಮ್ಮ ಮನೆಯವರು ಮಣ್ಣಿನ ಕೆಲಸ ಮಾಡಿದ್ದರೆ, ಅದನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿ. “ಆರ್ಟಿಸ್ಟ್” ಎಂದರೆ ಡಾಕ್ಟರಿಗೆ ಕುಂಚ, ಕ್ಯಾನ್ವಾಸ್ ನೆನಪಾಗಬಹುದು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಗಂಟೆ, ಒಣ ಪುಡಿ ಬಳಸುತ್ತಿದ್ದಿರಾ ಎಂಬುದನ್ನು ಬಿಡಿಸಿ ಹೇಳಿ. ಎಕ್ಸ್-ರೇ, ಸ್ಪೈರೋಮೆಟ್ರಿ, ಬೇಕಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಸಿಲಿಕೋಸಿಸ್‌ನ ಗಂಟುಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುವುದರಿಂದ ಎಕ್ಸ್-ರೇಯಲ್ಲಿ ಟಿ.ಬಿ.ಯಂತೆ ತೋರಬಹುದು. ಇನ್ನೊಂದು ತೊಡಕೆಂದರೆ, ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಸಾಧ್ಯತೆಯೂ ಹೆಚ್ಚು, ಎರಡೂ ಒಟ್ಟಿಗೇ ಇರಬಹುದು. ಆದ್ದರಿಂದ ಕಫ ಪರೀಕ್ಷೆ ತಪ್ಪಿಸಬೇಡಿ. “ಇದು ದೂಳಿನದ್ದೇ ಇರಬೇಕು” ಎಂದುಕೊಂಡು ಟಿ.ಬಿ. ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. ಸಿಲಿಕೋಸಿಸ್ ಎಂದು ಗೊತ್ತಾದರೆ ದೂಳಿನಿಂದ ದೂರವಿರುವುದು, ಬೀಡಿ ಸಿಗರೇಟು ಬಿಡುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ಡಾಕ್ಟರ್ ಜೊತೆ ಮಾತಾಡುವುದು ಮುಖ್ಯ.

ಸೀಸ, ಹೊಗೆ

ಕಡಿಮೆ ಶಾಖದಲ್ಲಿ ಕರಗುವ ಕೆಲವು ಗ್ಲೇಜ್‌ಗಳಲ್ಲಿ ಸೀಸ ಇರಬಹುದು. 1200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸುಡುವ ಸ್ಟೋನ್‌ವೇರ್‌ಗೆ ಅದರ ಅಗತ್ಯವಿಲ್ಲ. ಸೀಸದ ಪುಡಿ ಬಳಸುವ ಕೋಣೆ ಗರ್ಭಿಣಿಯರಿಗೂ ಮಕ್ಕಳಿಗೂ ತಕ್ಕುದಲ್ಲ. ಅದರಲ್ಲಿ ಕೆಲಸ ಮಾಡಿದವರು ರಕ್ತದ ಸೀಸದ ಪ್ರಮಾಣ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕೊಂಡ ಪಾತ್ರೆಯನ್ನು ಊಟಕ್ಕೆ ಬಳಸಬಹುದೇ ಎಂದು ಮಾಡಿದವರನ್ನೇ ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಉಪ್ಪಿನಕಾಯಿ, ಹುಣಸೆ ಸಾರು, ಮೊಸರು ಅದರಲ್ಲಿ ಇಡಬೇಡಿ. ಹುಳಿಗೆ ಸೀಸ ಬಿಡುತ್ತದೆ.

ಗ್ಯಾಸ್ ಅಥವಾ ಸೌದೆಯ ಆವಿಗೆಯಲ್ಲಿ ಬೇಕೆಂದೇ ಗಾಳಿ ಕಡಿಮೆ ಮಾಡಿ ಸುಡುವ ಪದ್ಧತಿ ಇದೆ. ಬಣ್ಣಗಳು ಚೆನ್ನಾಗಿ ಬರುತ್ತವೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ. ಅದಕ್ಕೆ ವಾಸನೆಯಿಲ್ಲ. ಆವಿಗೆಯ ಬಳಿ ಇದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಉಪವಾಸದ್ದೋ ಬಿಸಿಲಿನದ್ದೋ ಎಂದು ಕಾಯದೆ ತಕ್ಷಣ ಹೊರಗೆ ಕರೆತನ್ನಿ. ಪ್ರಜ್ಞೆ ಮಂಕಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಆವಿಗೆಯ ಹೊಗೆ ಕುಡಿದಿದ್ದಾರೆ ಎಂಬುದನ್ನು ಮೊದಲೇ ಹೇಳಿ.

ಅಸ್ತಮಾ ಅಥವಾ ಸಿ.ಒ.ಪಿ.ಡಿ. ಇದ್ದವರಿಗೆ ಪಾಟರಿ ಪೂರ್ತಿ ನಿಷಿದ್ಧವೇನಲ್ಲ. ಸೇರುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸ್ಟುಡಿಯೋಗೆ ಒಮ್ಮೆ ಸಂಜೆ, ಮುಚ್ಚುವ ಹೊತ್ತಿಗೆ ಹೋಗಿ ಅಲ್ಲಿ ಮಾಪ್ ಬಳಸುತ್ತಾರೋ ಪೊರಕೆಯೋ ನೋಡಿಕೊಂಡು ಬನ್ನಿ.