ಬೆಳೆಯುವ ಹೆಣ್ಣುಮಕ್ಕಳ ತೂಕ

ಬೆಳೆಯುತ್ತಿರುವ ಮಗಳನ್ನು ‘ಕಡ್ಡಿ’, ‘ಡುಮ್ಮಿ’ ಎನ್ನುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಮೀಟರಿನಲ್ಲಿ ಅಳೆದ ಎತ್ತರವನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋ ತೂಕವನ್ನು ಭಾಗಿಸಿದರೆ ಸಿಗುವುದೇ ಬಿ.ಎಂ.ಐ.

15 ವರ್ಷದ ಹುಡುಗಿ 1.5 ಮೀಟರ್ ಎತ್ತರ, 40 ಕಿಲೋ ತೂಕವಿದ್ದರೆ 40 ÷ 2.25, ಅಂದರೆ ಸುಮಾರು 17.8. ವಯಸ್ಕರಲ್ಲಿ 18.5ಕ್ಕಿಂತ ಕಡಿಮೆಯಾದರೆ ಕೃಶ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಂತೆ ಈ ವಯಸ್ಸಿನ ಹುಡುಗಿಯರಿಗೆ ಕೃಶತೆಯ ಗಡಿ ಸುಮಾರು 15.9, ಅಧಿಕ ತೂಕದ್ದು 23.5. ಇವಳ ತೂಕ ಸರಿಯಾಗಿಯೇ ಇದೆ. ಎಳೆ ಅಡಿಕೆ ಸಸಿಯನ್ನು ಫಲದ ಮರದೊಡನೆ ನಾವು ಹೋಲಿಸುವುದಿಲ್ಲವಷ್ಟೆ.

ಮೈನೆರೆಯುವ ಕಾಲದಲ್ಲಿ ಮೈ ತುಂಬುವುದು ಸಹಜ, ಊಟ ಬಿಡಿಸಬೇಡಿ. ರಕ್ತಹೀನತೆಯನ್ನು ಮಾತ್ರ ಈ ಅಂಕಿ ತೋರಿಸದು. ಸದಾ ಸುಸ್ತು, ಮುಟ್ಟು ನಿಲ್ಲುವುದು, ತೂಕ ಇಳಿಯುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕೆಂದು ನಮ್ಮ ವಿನಂತಿ.