ದುಬಾರಿ ಚುಚ್ಚುಮದ್ದಿಗೆ ಬದಲಿ ಉಂಟೇ?

ಸ್ತನ ಕ್ಯಾನ್ಸರಿಗೆ ತುತ್ತಾದ ಪತ್ನಿಗೆ ವೈದ್ಯರು ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಬರೆದುಕೊಟ್ಟರೆಂದು ಭಾವಿಸಿರಿ. ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆಯಂತೆ ಒಂದು ವರ್ಷ ಕೊಡುವ ಈ ಔಷಧದ ಬೆಲೆ ಕೇಳಿ ಪತಿಯು ಹೊಲವನ್ನು ಅಡವಿಡಲು ಹೊರಡುವುದೂ, ಪತ್ನಿಯು ಚಿಕಿತ್ಸೆಯೇ ಬೇಡವೆನ್ನುವುದೂ ಉಂಟು. ದಂಪತಿಗಳೇ, ಎರಡಕ್ಕೂ ಮೊದಲು ವೈದ್ಯರನ್ನು ಒಂದು ಮಾತು ಕೇಳಿರಿ: ಇದರ ‘ಬಯೋಸಿಮಿಲರ್’ ದೊರೆಯುವುದೇ?

ಈ ಔಷಧವನ್ನು ಸಾಧಾರಣ ಮಾತ್ರೆಗಳಂತೆ ರಾಸಾಯನಿಕಗಳಿಂದ ತಯಾರಿಸಲಾಗದು, ಜೀವಕೋಶಗಳಿಂದ ಪಡೆಯಬೇಕು. ಒಂದೇ ಹೆಪ್ಪಿನಿಂದ ಎರಡು ಮನೆಗಳಲ್ಲಿ ಮಾಡಿದ ಮೊಸರು ತುಸು ಬೇರೆಯಾಗುವಂತೆ, ಬೇರೊಬ್ಬರು ತಯಾರಿಸಿದ ಔಷಧವು ಮೂಲದ ತದ್ರೂಪವಾಗದೆ ಅತಿ ಸಮೀಪದ ಸಮಾನವಾಗುತ್ತದೆ. ಅದೇ ಬಯೋಸಿಮಿಲರ್. ಗುಣದಲ್ಲಾಗಲೀ ಸುರಕ್ಷತೆಯಲ್ಲಾಗಲೀ ಗಣನೀಯ ಭೇದವಿಲ್ಲವೆಂದು ಪರೀಕ್ಷೆಗಳಿಂದ ತೋರಿಸಿದ ಬಳಿಕವೇ ಅದಕ್ಕೆ ಸರ್ಕಾರದ ಅನುಮತಿ ದೊರೆಯುವುದು. ಹೊಸದಾಗಿ ಔಷಧ ಕಂಡುಹಿಡಿಯುವ ವೆಚ್ಚವಿಲ್ಲದ್ದರಿಂದ ಬೆಲೆ ತಗ್ಗುತ್ತದೆಯೇ ಹೊರತು ಕಲಬೆರಕೆಯಿಂದಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಇಂಥ ಟ್ರಾಸ್ಟುಜುಮ್ಯಾಬನ್ನು ಮಾರಾಟಕ್ಕೆ ತಂದಾಗ ಅದರ ಬೆಲೆ ಮೂಲ ಔಷಧಕ್ಕಿಂತ ಸುಮಾರು ಕಾಲುಭಾಗ ಕಡಿಮೆಯಿತ್ತು. ಆನಂತರ ಬೇರೆ ಕಂಪನಿಗಳೂ ತಯಾರಿಕೆಗೆ ಇಳಿದಿವೆ.

ಆದರೆ ಎಲ್ಲ ಸ್ತನ ಕ್ಯಾನ್ಸರಿಗೂ ಈ ಔಷಧ ನಾಟದು. ಗಡ್ಡೆಯ ‘ಹರ್-2’ ಪರೀಕ್ಷೆಯಾಗಬೇಕು. ಮೂಲವಿರಲಿ ಬದಲಿಯಿರಲಿ, ಹೃದಯದ ತಪಾಸಣೆಯನ್ನು ಆಗಾಗ್ಗೆ ಮಾಡಿಸತಕ್ಕದ್ದು.

ಆಸ್ಪತ್ರೆಗೆ ಹೋಗುವಾಗ ಬಿ.ಪಿ.ಎಲ್. ಪಡಿತರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಒಯ್ದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ವೆಚ್ಚ ಸೇರುವುದೇ ಎಂದು ವಿಚಾರಿಸಿರಿ. ಕೇಳಲು ಸಂಕೋಚ ಬೇಡ. ಅಂಗಡಿಯವರ ಮಾತು ಕೇಳಿ ಮಾತ್ರ ಔಷಧ ಬದಲಿಸಕೂಡದು. ವೈದ್ಯರು ಬದಲಿಸಿದಲ್ಲಿ ಹೊಸ ಹೆಸರನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿರಿ.